ಹಳೇ ಶೆವರ್ಲೆ ಪಿಕಪ್‌ಗೆ ಡೀಸೆಲ್ ಇಂಜಿನ್ ಕೂರಿಸಿದರೆ ದುಡ್ಡು ಉಳಿಯುತ್ತದೆಯೇ?

ಓದುಗರೊಬ್ಬರ ಪ್ರಶ್ನೆ: ನಾನು ಸಕಲೇಶಪುರದವನು, ಈಗ ಟೆಕ್ಸಸ್‌ನ ಆಸ್ಟಿನ್ ಹತ್ತಿರ ಇದ್ದೇನೆ. 1990ರ ಶೆವರ್ಲೆ ಕೆ1500 ಪಿಕಪ್ ತಗೊಂಡಿದ್ದೇನೆ. 5.7 ಲೀಟರ್ ವಿ8 ಪೆಟ್ರೋಲ್ ಇಂಜಿನ್, ಫೋರ್ ವ್ಹೀಲ್ ಡ್ರೈವ್, 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹಿಂದಿನ ಮಾಲೀಕರು 33 ಇಂಚಿನ ಟೈರ್ ಹಾಕಿಸಿದ್ದಾರೆ. ಗಾಡಿ ಗಟ್ಟಿಮುಟ್ಟಾಗಿದೆ, ಆದರೆ ಗ್ಯಾಲನ್‌ಗೆ 11 ಮೈಲಿಯ ಮೇಲೆ ಕೊಡುತ್ತಿಲ್ಲ. ವರ್ಷಕ್ಕೆ ಸುಮಾರು 10,000 ಮೈಲಿ ಓಡಿಸುತ್ತೇನೆ, ಅದರಲ್ಲಿ ಹೈವೇ ಜಾಸ್ತಿ. ಹಳೇ ಬ್ರೆಡ್ ವ್ಯಾನ್‌ನ ಕಮ್ಮಿನ್ಸ್ 4ಬಿಟಿ ಡೀಸೆಲ್ ಇಂಜಿನ್ ಕೂರಿಸಿದರೆ 25-30 ಮೈಲಿ ಬರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಮ್ಮಪ್ಪ ತೋಟದ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಹಾಕಿಸಿದ್ದರು. ಹಾಕಿದ ದುಡ್ಡು ಎರಡೇ ವರ್ಷದಲ್ಲಿ ವಾಪಸ್ ಬಂತು ಅನ್ನುತ್ತಿದ್ದರು. ಇಲ್ಲೂ ಹಾಗೇ ಆಗುತ್ತದೆಯೇ? ಇನ್ನೊಬ್ಬರು ಶೆವರ್ಲೆಯ ಒಡೆಯ ಜಿಎಂ ಕಂಪನಿಯ ಹಳೇ ಡೀಸೆಲ್ ಮಾತ್ರ ಮುಟ್ಟಲೇಬೇಡಿ ಅಂದರು. ಅದು ನಿಜವೇ?

ಉತ್ತರ:

ನಿಮ್ಮ ಚಿಂತೆ ಎರಡು. ಗಾಡಿ ಕುಡಿಯುವ ಪೆಟ್ರೋಲ್ ಖರ್ಚು ಇಳಿಯಬೇಕು. ಅದಕ್ಕಾಗಿ ಹಾಕುವ ದುಡ್ಡು ನೀರುಪಾಲಾಗಬಾರದು. ನೇರವಾಗಿ ಹೇಳಿಬಿಡುತ್ತೇನೆ: ನೀವು ಹೇಳಿದ ಲೆಕ್ಕದಲ್ಲಿ, ನೀವು ಇರುವ ಜಾಗದಲ್ಲಿ, ಬರೀ ಮೈಲೇಜಿಗಾಗಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮೈಲೇಜ್ ಖಂಡಿತ ಏರುತ್ತದೆ. ದುಡ್ಡು ಉಳಿಯುವುದಿಲ್ಲ.

ನಿಮ್ಮ ತಂದೆಯವರ ಮಾತು ಪೂರ್ತಿ ನಿಜ, ಅದನ್ನು ಮೊದಲು ಹೇಳಬೇಕು. ಮಲೆನಾಡಿನ ತೋಟಗಳಲ್ಲಿ ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಇಂಜಿನ್ ಕೂರಿಸಿದ್ದರು. ಅಂಬಾಸಡರ್ ಕಾರುಗಳಿಗೂ ಅದೇ ಆಯಿತು. ಆಗ ಭಾರತದಲ್ಲಿ ಡೀಸೆಲ್ ದರವನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ಅದು ಪೆಟ್ರೋಲ್‌ಗಿಂತ ಬಹಳ ಅಗ್ಗವಾಗಿತ್ತು. ಆ ಹಿಡಿತ ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ಹಾಗಾಗಿ ಜೀಪಿನ ಉಳಿತಾಯದಲ್ಲಿ ದೊಡ್ಡ ಪಾಲು ಬಂದದ್ದು ದರದ ಅಂತರದಿಂದ, ಇಂಜಿನ್ನಿನಿಂದ ಬಂದದ್ದು ಉಳಿದ ಪಾಲು. ಗ್ಯಾರೇಜಿನ ಕೂಲಿ ಕಡಿಮೆ ಇತ್ತು. ತೋಟದ ರಸ್ತೆಯಲ್ಲಿ ಜೀಪು ಗಂಟೆಗೆ 40 ಕಿಲೋಮೀಟರ್ ದಾಟುತ್ತಿದ್ದದ್ದೇ ಅಪರೂಪ.

ಅಮೆರಿಕದಲ್ಲಿ ಇದೆಲ್ಲ ತಿರುವುಮುರುವು. ಇಲ್ಲಿ ಸುಮಾರು ಎರಡು ದಶಕದಿಂದ ಡೀಸೆಲ್ ದರ ಬಹುಪಾಲು ಪೆಟ್ರೋಲ್‌ಗಿಂತ ಮೇಲೇ ಇದೆ. ಕೇಂದ್ರ ತೆರಿಗೆಯೇ ಗ್ಯಾಲನ್‌ಗೆ ಪೆಟ್ರೋಲ್ ಮೇಲೆ 18.4 ಸೆಂಟ್, ಡೀಸೆಲ್ ಮೇಲೆ 24.4 ಸೆಂಟ್. ಟೆಕ್ಸಸ್ ರಾಜ್ಯ ಎರಡಕ್ಕೂ 20 ಸೆಂಟ್ ಹಾಕುತ್ತದೆ, ಅಲ್ಲಿ ವ್ಯತ್ಯಾಸ ಇಲ್ಲ. ಜೊತೆಗೆ 2006ರಿಂದ ಗಂಧಕ ತೀರಾ ಕಡಿಮೆ ಇರುವ ಡೀಸೆಲ್ ಬಂತು. ಅದನ್ನು ಶುದ್ಧ ಮಾಡುವ ಖರ್ಚೂ ದರದಲ್ಲಿ ಸೇರಿಕೊಂಡಿತು.

ಈಗ ನಿಮ್ಮ 11 ಮೈಲಿಯನ್ನು ನೋಡೋಣ. ಆ ಅಂಕಿಯೇ ನನಗೆ ಅನುಮಾನ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದ ಟೈರ್ ಸುಮಾರು 29 ಇಂಚಿನದು. ಈಗಿರುವುದು 33. ದೊಡ್ಡ ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರ್ ಹಳೇ ಟೈರಿನ ಲೆಕ್ಕದಲ್ಲೇ ಎಣಿಸುತ್ತದೆ. ಯಾರೂ ಮೀಟರ್ ಸರಿಪಡಿಸಿಲ್ಲ ಅಂದರೆ, ಅದು 11 ಮೈಲಿ ತೋರಿಸುವಾಗ ಗಾಡಿ ನಿಜವಾಗಿ ಓಡಿರುವುದು ಹನ್ನೆರಡೂವರೆ. ಫೋನಿನ ಜಿಪಿಎಸ್ ಹಾಕಿಕೊಂಡು ಹೈವೇ ಪಕ್ಕದ ಮೈಲಿಗಲ್ಲುಗಳ ನಡುವೆ ಒಮ್ಮೆ ಅಳೆದು ನೋಡಿ. ಗೆಳೆಯರು ಹೇಳುವ 25-30 ಅನ್ನೂ ಹೀಗೇ ಜರಡಿ ಹಿಡಿಯಬೇಕು. ಇಂಜಿನ್ ಬದಲಿಸುವಾಗ ಜನ ಟೈರನ್ನೂ ಕ್ರೌನ್-ಪಿನಿಯನ್ನನ್ನೂ (ಆಕ್ಸಲ್ ಒಳಗಿನ ಗೇರ್ ಜೋಡಿ) ಬದಲಿಸುತ್ತಾರೆ. ಆಮೇಲೆ ಮೀಟರ್ ಸರಿ ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ನಾನು ಕೆಲಸದಲ್ಲಿ ಕಂಡ ಮಟ್ಟಿಗೆ, 4ಬಿಟಿ ಹಾಕಿದ ಫುಲ್ ಸೈಜ್ ಫೋರ್ ವ್ಹೀಲ್ ಡ್ರೈವ್ ಪಿಕಪ್ ದಿನನಿತ್ಯದ ಓಡಾಟದಲ್ಲಿ 18ರಿಂದ 22 ಕೊಡುತ್ತದೆ. ಹಗುರ ಗಾಡಿ, ಟೂ ವ್ಹೀಲ್ ಡ್ರೈವ್, 55 ಮೈಲಿ ವೇಗ, ಎದುರುಗಾಳಿ ಇಲ್ಲ ಅಂದರೆ ಇನ್ನೂ ಮೇಲೆ ಹೋಗಬಹುದು. 30 ಅನ್ನುವುದನ್ನು ಮರೆತುಬಿಡಿ.

ಡೀಸೆಲ್‌ಗೆ ಮೈಲೇಜ್ ಯಾಕೆ ಜಾಸ್ತಿ? ಕಾರಣ ಮೂರು. ಮೊದಲನೆಯದು, ಇಂಧನವೇ ಗಟ್ಟಿ. ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಒಂದು ಗ್ಯಾಲನ್ ಪೆಟ್ರೋಲ್‌ಗಿಂತ ನೂರಕ್ಕೆ 13-14ರಷ್ಟು ಹೆಚ್ಚು ಶಕ್ತಿ ಇದೆ. ಪಂಪ್‌ನಲ್ಲಿ ಸಿಗುವ ಪೆಟ್ರೋಲ್‌ಗೆ ನೂರಕ್ಕೆ 10 ಭಾಗ ಎಥೆನಾಲ್ ಬೆರೆಸಿರುವುದರಿಂದ ಅಂತರ ಇನ್ನೂ ಚೂರು ಜಾಸ್ತಿ. ಅಂದರೆ ಮೈಲೇಜ್ ಏರಿಕೆಯ ಒಂದು ಭಾಗ ಇಂಜಿನ್ನಿನ ಜಾಣತನವಲ್ಲ, ನೀವು ಜಾಸ್ತಿ ದುಡ್ಡು ಕೊಟ್ಟು ಕೊಂಡ ಜಾಸ್ತಿ ಶಕ್ತಿ ಅಷ್ಟೇ. ಎರಡನೆಯದು, ಒತ್ತಡ. ನಿಮ್ಮ ಪೆಟ್ರೋಲ್ ಇಂಜಿನ್ ಗಾಳಿಯನ್ನು ಸುಮಾರು ಒಂಬತ್ತು ಪಟ್ಟು ಒತ್ತುತ್ತದೆ. 4ಬಿಟಿ ಹದಿನೇಳು ಪಟ್ಟಿಗೂ ಮೇಲೆ. ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ.

ಮೂರನೆಯದನ್ನು ಜನ ಗಮನಿಸುವುದೇ ಇಲ್ಲ, ನಿಮ್ಮ ಪ್ರಶ್ನೆಗೆ ಅದೇ ಮುಖ್ಯ. ಪೆಟ್ರೋಲ್ ಇಂಜಿನ್‌ಗೆ ಥ್ರಾಟಲ್ ಇದೆ. ನೀವು ಕಾಲು ಎತ್ತಿದಾಗ ಅದು ಗಾಳಿಯ ದಾರಿ ಮುಚ್ಚುತ್ತದೆ. ಪಿಸ್ಟನ್‌ಗಳು ಆ ಸಂದಿಯಿಂದ ಗಾಳಿ ಎಳೆಯಲು ಒದ್ದಾಡುತ್ತವೆ. ಆ ಒದ್ದಾಟಕ್ಕೂ ಪೆಟ್ರೋಲ್ ಖರ್ಚಾಗುತ್ತದೆ. ಈ ಹಳೇ ಡೀಸೆಲ್‌ಗಳಲ್ಲಿ ಥ್ರಾಟಲ್ ಇಲ್ಲ. ಗಾಳಿ ಯಾವಾಗಲೂ ಪೂರ್ತಿ ಬರುತ್ತದೆ, ಡೀಸೆಲ್ ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ಆದ್ದರಿಂದ ಡೀಸೆಲ್‌ನ ನಿಜವಾದ ಲಾಭ ಕಾಣುವುದು ಹಗುರ ಓಟದಲ್ಲಿ: ಸಿಗ್ನಲ್‌ನಲ್ಲಿ ನಿಂತಾಗ, ಊರೊಳಗೆ ನಿಧಾನ ಓಡಾಡುವಾಗ. ಹೈವೇಯಲ್ಲಿ 70-75ರಲ್ಲಿ ಹೋಗುವಾಗ ನಿಮ್ಮ ಪೆಟ್ರೋಲ್ ಇಂಜಿನ್ನಿನ ಥ್ರಾಟಲ್ ಹೇಗೂ ಸಾಕಷ್ಟು ತೆರೆದೇ ಇರುತ್ತದೆ. ಅಲ್ಲಿ ಅಂತರ ಕುಗ್ಗುತ್ತದೆ. ನೀವು ಓಡಿಸುವುದು ಜಾಸ್ತಿ ಹೈವೇ ಅಂದಿರಿ, ಅಲ್ವಾ?

ಹೈವೇಯಲ್ಲಿ ನಿಮ್ಮ ಎದುರಾಳಿ ಗಾಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 55ರಿಂದ 70 ಮೈಲಿಗೆ ಹೋದರೆ ತಡೆ ನೂರಕ್ಕೆ 60ರಷ್ಟು ಜಾಸ್ತಿ. ಎತ್ತರಿಸಿದ ಚೌಕಾಕಾರದ ಪಿಕಪ್ ಅಂದರೆ ಗಾಳಿಗೆ ಎದುರು ನಿಲ್ಲಿಸಿದ ಬಾಗಿಲಿದ್ದಂತೆ. ಒಳಗೆ ಯಾವ ಇಂಜಿನ್ ಇದ್ದರೂ ಆ ಬಾಗಿಲನ್ನು ತಳ್ಳಲೇಬೇಕು. ಆಸ್ಟಿನ್ ಪಕ್ಕದ ಎಸ್‌ಎಚ್ 130 ಟೋಲ್ ರಸ್ತೆಯಲ್ಲಿ ಮಿತಿ 85 ಮೈಲಿ, ಇಡೀ ಅಮೆರಿಕದಲ್ಲೇ ಅತಿ ಹೆಚ್ಚು. ಆ ವೇಗದಲ್ಲಿ ಈ ಗಾಡಿಯಿಂದ ಮೈಲೇಜ್ ನಿರೀಕ್ಷಿಸುವುದು ಬೇಡ.

ಈಗ ಡಾಲರ್ ಲೆಕ್ಕ. ಪೆಟ್ರೋಲ್ 2.80, ಡೀಸೆಲ್ 3.50 ಅಂತ ಇಟ್ಟುಕೊಳ್ಳೋಣ. ನಿಮ್ಮ ಬಂಕಿನ ದರ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ. ಹನ್ನೆರಡೂವರೆ ಮೈಲಿಯಂತೆ 10,000 ಮೈಲಿಗೆ 800 ಗ್ಯಾಲನ್ ಪೆಟ್ರೋಲ್ ಬೇಕು, 2,240 ಡಾಲರ್. ಡೀಸೆಲ್ 20 ಕೊಟ್ಟರೆ 500 ಗ್ಯಾಲನ್ ಸಾಕು, 1,750 ಡಾಲರ್. ವರ್ಷಕ್ಕೆ ಉಳಿಯುವುದು 490 ಡಾಲರ್. ಇಂಜಿನ್, ಅಡಾಪ್ಟರ್, ಕೂಲಿ, ಚಿಲ್ಲರೆ ಸಾಮಾನು ಎಲ್ಲ ಸೇರಿ ಕೆಲಸವನ್ನು ಸರಿಯಾಗಿ ಮಾಡಿಸಿದರೆ 10,000 ಡಾಲರ್ ಮುಟ್ಟುವುದು ಸಾಮಾನ್ಯ. ದುಡ್ಡು ವಾಪಸ್ ಬರಲು ಇಪ್ಪತ್ತು ವರ್ಷ. ಇನ್ನೊಂದು ರೀತಿ ನೋಡಿ. ಈ ದರದಲ್ಲಿ 20 ಮೈಲಿ ಕೊಡುವ ಡೀಸೆಲ್ ಗಾಡಿಯೂ 16 ಮೈಲಿ ಕೊಡುವ ಪೆಟ್ರೋಲ್ ಗಾಡಿಯೂ ಜೇಬಿಗೆ ಒಂದೇ.

ಇಲ್ಲಿಂದ ನಿಜವಾದ ದಾರಿ ತೆರೆಯುತ್ತದೆ. ನಿಮ್ಮ ಪೆಟ್ರೋಲ್ ಇಂಜಿನ್ನನ್ನು 15ಕ್ಕೆ ತಂದರೆ ವರ್ಷಕ್ಕೆ 370 ಡಾಲರ್ ಉಳಿಯುತ್ತದೆ. ಡೀಸೆಲ್ ಕೊಡುವ ಉಳಿತಾಯದ ಮುಕ್ಕಾಲು ಪಾಲು. ಅದಕ್ಕೆ ಬೇಕಾಗುವುದು ಕೆಲವು ನೂರು ಡಾಲರ್, ಟೈರ್ ಬದಲಿಸುವಿರಾದರೆ ಅದರ ಖರ್ಚು ಬೇರೆ.

ನಿಮ್ಮದರಂಥ ಟಿಬಿಐ (ಥ್ರಾಟಲ್ ಬಾಡಿಯಲ್ಲೇ ಪೆಟ್ರೋಲ್ ಸಿಂಪಡಿಸುವ) ಇಂಜಿನ್‌ಗಳಲ್ಲಿ ಮೊದಲು ನಾನು ನೋಡುವುದು ಥರ್ಮೋಸ್ಟಾಟ್, ಅಂದರೆ ಇಂಜಿನ್ನಿನ ಬಿಸಿಯನ್ನು ಹತೋಟಿಯಲ್ಲಿಡುವ ಕವಾಟ. ಅಲ್ಲಿ 195 ಡಿಗ್ರಿ ಫ್ಯಾರನ್‌ಹೀಟ್‌ನದು ಇರಬೇಕು. ಟೆಕ್ಸಸ್ ಬಿಸಿಲಿಗೆ ಹೆದರಿ ಎಷ್ಟೋ ಜನ 160ರದ್ದು ಹಾಕಿಸುತ್ತಾರೆ, ಇಲ್ಲವೇ ಹಳೆಯದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಕೂಲಂಟ್ ಸೆನ್ಸರ್ ತಪ್ಪು ಹೇಳಿದರೂ ಇದೇ ಪಾಡು. ಆಮೇಲೆ ಆಕ್ಸಿಜನ್ ಸೆನ್ಸರ್. ಅದು ಸತ್ತರೆ ಗೊತ್ತಾಗುತ್ತದೆ, ಮಂದವಾದರೆ ಗೊತ್ತಾಗುವುದಿಲ್ಲ, ದೀಪವೂ ಹತ್ತುವುದಿಲ್ಲ. ಬೆಲೆ ಕಡಿಮೆ, ವಯಸ್ಸಾಗಿದ್ದರೆ ಸುಮ್ನೆ ಬದಲಿಸಿ. ಇಗ್ನಿಷನ್ ಟೈಮಿಂಗ್ ಇಡುವಾಗ ಬೈಪಾಸ್ ವೈರ್ ಕನೆಕ್ಟರ್ ಬಿಚ್ಚಿ ಸೊನ್ನೆ ಡಿಗ್ರಿಗೆ ಇಡಬೇಕು. ಬಿಚ್ಚದೇ ಇಟ್ಟ ಗಾಡಿಗಳು ನನ್ನ ಬಳಿ ಈಗಲೂ ಬರುತ್ತಿರುತ್ತವೆ. ಅವು ಓಡುತ್ತವೆ, ಆದರೆ ಸೋಮಾರಿಯಾಗಿ ಓಡುತ್ತವೆ.

700ಆರ್4 ಗೇರ್‌ಬಾಕ್ಸ್‌ನಲ್ಲಿ ಒಂದು ಲಾಕಪ್ ಕ್ಲಚ್ ಇದೆ. ಹೈವೇಯಲ್ಲಿ ಸಮ ವೇಗಕ್ಕೆ ಬಂದಾಗ ಅದು ಕಚ್ಚಿಕೊಳ್ಳಬೇಕು, ಆರ್‌ಪಿಎಂ ಸ್ವಲ್ಪ ಇಳಿಯುವುದು ಕಾಣಬೇಕು. ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟರೆ ಅದು ಬಿಟ್ಟುಕೊಂಡು ಆರ್‌ಪಿಎಂ ಏರುತ್ತದೆ. ಏರದಿದ್ದರೆ ಲಾಕಪ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಿರಿ. ಮೈಲೇಜ್ ಜೊತೆಗೆ ಗೇರ್‌ಬಾಕ್ಸ್ ಬಿಸಿಯಾಗಿ ಅದರ ಆಯಸ್ಸೂ ಹೋಗುತ್ತದೆ. ಇದೆಲ್ಲ ಮುಗಿಸಿ 30 ಇಂಚಿನೊಳಗಿನ ರಸ್ತೆ ಟೈರ್ ಹಾಕಿ, 65ರಲ್ಲಿ ಓಡಿಸಿ. 15 ಬರಬೇಕು. ಬರದಿದ್ದರೆ ಸಿಲಿಂಡರ್‌ಗಳ ಕಂಪ್ರೆಷನ್ (ಒತ್ತಡ) ನೋಡಿಸಿ.

ಜಿಎಂ ಡೀಸೆಲ್ ಬಗ್ಗೆ ನಿಮಗೆ ಕೊಟ್ಟ ಎಚ್ಚರಿಕೆ ಅರ್ಧ ಸತ್ಯ. ಆ ಕೆಟ್ಟ ಹೆಸರು ಬಂದದ್ದು 1978ರಿಂದ 1985ರವರೆಗೆ ಬಂದ ಓಲ್ಡ್ಸ್‌ಮೊಬೀಲ್ 5.7 ಲೀಟರ್ ಡೀಸೆಲ್‌ನಿಂದ. ಅದರ ಹೆಡ್ ಬೋಲ್ಟ್‌ಗಳ ವಿನ್ಯಾಸ ಪೆಟ್ರೋಲ್ ಇಂಜಿನ್ನಿನದ್ದೇ ಆಗಿತ್ತು. ಡೀಸೆಲ್ ಒತ್ತಡಕ್ಕೆ ಅವು ತಡೆಯಲಿಲ್ಲ, ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಡೀಸೆಲ್‌ನಲ್ಲಿನ ನೀರು ಬೇರ್ಪಡಿಸುವ ಫಿಲ್ಟರ್ ಕೂಡ ಇರಲಿಲ್ಲ, ಪಂಪ್‌ಗಳು ತುಕ್ಕು ಹಿಡಿದವು. ಆದರೆ 1982ರಲ್ಲಿ ಬಂದ 6.2 ಲೀಟರ್ ವಿ8 ಬೇರೆಯದೇ ಇಂಜಿನ್. ಡೀಸೆಲ್‌ಗಾಗಿಯೇ ಮಾಡಿದ್ದು. ಸೇನೆಯ ಹಮ್‌ವೀಯಲ್ಲೂ ಅದೇ ಇತ್ತು. 130 ಎಚ್‌ಪಿ ಆಸುಪಾಸು, ಟರ್ಬೊ ಇಲ್ಲ, ಗುಡ್ಡ ಹತ್ತುವಾಗ ತಾಳ್ಮೆ ಬೇಕು. ದೋಷಗಳೂ ಇವೆ. ಕ್ರ್ಯಾಂಕ್ ಬೇರಿಂಗ್ ಕೂರುವ ಜಾಗದಲ್ಲಿ ಬ್ಲಾಕ್ ಬಿರುಕು ಬಿಡುತ್ತದೆ, ಹೀಟರ್ ಪ್ಲಗ್ ಕಂಟ್ರೋಲರ್ ಕೈಕೊಡುತ್ತದೆ. ಭಾರ ಎಳೆಯಲು ಅದು ಹೇಳಿ ಮಾಡಿಸಿದ್ದಲ್ಲ. ಆದರೂ ಮಿತವಾಗಿ ಓಡಿಸಿದರೆ ಮೈಲೇಜ್ ಚೆನ್ನಾಗಿ ಕೊಡುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಕಾನೂನು. ಟೆಕ್ಸಸ್‌ನಲ್ಲಿ 2025ರಿಂದ ಖಾಸಗಿ ಗಾಡಿಗಳ ಸುರಕ್ಷತಾ ತಪಾಸಣೆ ತೆಗೆದುಬಿಟ್ಟರು. ಹೊಗೆ ತಪಾಸಣೆಯೂ 24 ವರ್ಷಕ್ಕಿಂತ ಹಳೆಯ ಗಾಡಿಗೆ ಇಲ್ಲ. ಹಾಗಾಗಿ ಯಾರೂ ಬಾನೆಟ್ ತೆರೆದು ನೋಡುವುದಿಲ್ಲ ಅಂತ ಜನ ಧೈರ್ಯ ಹೇಳುತ್ತಾರೆ. ಆದರೆ ಕೇಂದ್ರದ ಕ್ಲೀನ್ ಏರ್ ಆಕ್ಟ್ ಎಲ್ಲ ರಾಜ್ಯಕ್ಕೂ ಅನ್ವಯಿಸುತ್ತದೆ. ಕೇಂದ್ರದ ಪರಿಸರ ಸಂಸ್ಥೆ ಇಪಿಎಯ ನಿಲುವು ಇಷ್ಟು: ಬದಲಿಸಿದ ಮೇಲೆ ನಿಮ್ಮ ಗಾಡಿ, ಅದೇ ವರ್ಷದ ಅಥವಾ ಅದಕ್ಕಿಂತ ಹೊಸ ವರ್ಷದ, ಆ ಬಗೆಯ ಗಾಡಿಗೆ ಮಂಜೂರಾದ ಇಂಜಿನ್ ಜೋಡಣೆಗೆ ಸಮನಾಗಿರಬೇಕು. ಬ್ರೆಡ್ ವ್ಯಾನ್‌ನ 4ಬಿಟಿ ಹೆವಿ ಡ್ಯೂಟಿ ಇಂಜಿನ್ ಎಂದು ಮಂಜೂರಾದದ್ದು. ನಿಮ್ಮದು ಲೈಟ್ ಡ್ಯೂಟಿ ಪಿಕಪ್. ಕಾಗದದ ಮೇಲೆ ಇವೆರಡೂ ಕೂಡುವುದಿಲ್ಲ. 6.2 ಹಾಗಲ್ಲ, ನಿಮ್ಮದೇ ಮಾದರಿಯಲ್ಲಿ ಕಂಪನಿಯೇ ಅದನ್ನು ಕೊಡುತ್ತಿತ್ತು. 1990 ಅಥವಾ ನಂತರದ ಲೈಟ್ ಡ್ಯೂಟಿ 6.2 ಅನ್ನು ಅದರ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ವ್ಯವಸ್ಥೆ) ಸಮೇತ, ಎಲ್ಲ ಭಾಗಗಳ ಜೊತೆ ಕೂರಿಸಿದರೆ ನೀವು ಸರಿಯಾದ ಕಡೆ ಇರುತ್ತೀರಿ. ಇಜಿಆರ್ ಇದ್ದ ಇಂಜಿನ್‌ಗೆ 'ಸಿ' ಸಂಕೇತ, ಇಲ್ಲದ್ದಕ್ಕೆ 'ಜೆ'. ಸೇನೆಯ ಹರಾಜಿನಲ್ಲಿ ಸಿಗುವುದು 'ಜೆ', ಅದು ನಿಮಗೆ ಹೊಂದದು. ಮುಂದೆ ಎಂದಾದರೂ ಕ್ಯಾಲಿಫೋರ್ನಿಯಾಗೆ ಹೋಗುವ ಯೋಚನೆ ಇದ್ದರೆ ಇಂಜಿನ್ ಬದಲಿಸುವ ಮೊದಲೇ ಅಲ್ಲಿನ ಸ್ಮಾಗ್ ರೆಫರಿ (ಇಂಜಿನ್ ಬದಲಿಸಿದ ಗಾಡಿಗಳನ್ನು ಪರೀಕ್ಷಿಸುವ ಕೇಂದ್ರ) ನಿಯಮ ಓದಿಕೊಳ್ಳಿ.

6.2 ಹಾಕಲು ಸುಲಭವಾದ ದಾರಿ, ಅದೇ ಮಾದರಿಯ ಕೆಟ್ಟು ನಿಂತ ಡೀಸೆಲ್ ಪಿಕಪ್ ಒಂದನ್ನು ಪೂರ್ತಿ ಕೊಳ್ಳುವುದು. ಮೌಂಟು, ರೇಡಿಯೇಟರ್, ಪೈಪು, ವೈರಿಂಗ್ ಎಲ್ಲ ಅದರಿಂದಲೇ ಬರುತ್ತದೆ. ಹಾಗೆ ಹುಡುಕುವಾಗ ಓಡುವ ಸ್ಥಿತಿಯ ಡೀಸೆಲ್ ಪಿಕಪ್ಪೇ ಸಿಕ್ಕಿಬಿಟ್ಟರೆ ಇಂಜಿನ್ ಇಳಿಸುವ ಮಾತೇ ಬೇಡ, ಅದನ್ನೇ ತಗೊಳ್ಳಿ, ನಿಮ್ಮದನ್ನು ಮಾರಿ. 1989ರಿಂದ ಡಾಡ್ಜ್ ರ್‍ಯಾಮ್‌ಗೆ ಬಂದ 5.9 ಲೀಟರ್ ಆರು ಸಿಲಿಂಡರ್ ಕಮ್ಮಿನ್ಸ್ ಕೂಡ ಒಳ್ಳೆಯ ಆಯ್ಕೆ. ಆದರೆ ಆ ಇಂಜಿನ್ನನ್ನು ನಿಮ್ಮ ಶೆವರ್ಲೆಗೆ ಕೂರಿಸಲು ಹೋಗಬೇಡಿ. ತೂಕ ಸುಮಾರು 1,100 ಪೌಂಡ್, ನಿಮ್ಮ ವಿ8ರ ಹತ್ತಿರ ಹತ್ತಿರ ಎರಡರಷ್ಟು. 1500 ಮಾದರಿಯ ಮುಂದಿನ ಸಸ್ಪೆನ್ಷನ್ ಅದನ್ನು ಹೊರಲು ಮಾಡಿದ್ದಲ್ಲ.

ಇಷ್ಟಾದರೂ ನಿಮಗೆ 4ಬಿಟಿಯೇ ಬೇಕು ಅನ್ನಿಸಬಹುದು. ಅದರ ಗಟ್ಟಿತನಕ್ಕೆ, ಕೆಳಗಿನ ಆರ್‌ಪಿಎಂನಲ್ಲಿ ಅದು ಕೊಡುವ ಎಳೆತಕ್ಕೆ ಮನಸೋತವರು ಬಹಳ ಇದ್ದಾರೆ, ನನಗೂ ಆ ಇಂಜಿನ್ ಇಷ್ಟ. ಕಾನೂನಿನ ಮಾತು ಮೇಲೆ ಹೇಳಿದ್ದೇನೆ, ಅದನ್ನು ತೂಗಿ ನೋಡುವುದು ನಿಮಗೆ ಬಿಟ್ಟದ್ದು. ಕೆಲಸದ ವಿಷಯ ಹೇಳುತ್ತೇನೆ.

105 ಎಚ್‌ಪಿ. ನಿಮ್ಮ ಈಗಿನ ಇಂಜಿನ್ನಿನ ಅರ್ಧ. ಅದನ್ನೂ 2500 ಆರ್‌ಪಿಎಂ ಸುತ್ತಮುತ್ತಲೇ ಕೊಟ್ಟು ಮುಗಿಸುತ್ತದೆ. ಆದ್ದರಿಂದ ಗೇರ್ ಲೆಕ್ಕವೇ ಎಲ್ಲ. ವ್ಯಾನ್ ಜೊತೆ ಬರುವ ಮೂರು ಗೇರಿನ ಆಟೋಮ್ಯಾಟಿಕ್ ಹಾಗೇ ಹಾಕಿದರೆ, 3.73 ಅನುಪಾತದ ಕ್ರೌನ್-ಪಿನಿಯನ್, 29 ಇಂಚಿನ ಟೈರ್, 65 ಮೈಲಿ ವೇಗಕ್ಕೆ 2800 ಆರ್‌ಪಿಎಂ ಆಗುತ್ತದೆ. ಇಂಜಿನ್ ಕಿರುಚುತ್ತದೆ, ಮೈಲೇಜ್ ಬರುವುದಿಲ್ಲ. ಓವರ್‌ಡ್ರೈವ್ (ಇಂಜಿನ್ನನ್ನು ನಿಧಾನ ತಿರುಗಿಸುವ ಮೇಲಿನ ಗೇರ್) ಇರುವ 700ಆರ್4ರಲ್ಲಿ ಅದೇ ವೇಗಕ್ಕೆ 1970. ಇದು ಸರಿಯಾದ ಜಾಗ. ಆದರೆ ಆ ಗೇರ್‌ಬಾಕ್ಸ್‌ಗೆ ಒಳಗೆ ಬಲಪಡಿಸುವ ಕೆಲಸ ಬೇಕು. ಕಡಿಮೆ ಆರ್‌ಪಿಎಂನಲ್ಲೇ ಗೇರ್ ಬದಲಾಗುವಂತೆ ಡೀಸೆಲ್ ಗವರ್ನರ್ ಹಾಕಬೇಕು.

ಡೀಸೆಲ್‌ನಲ್ಲಿ ಥ್ರಾಟಲ್ ಇಲ್ಲದ ಕಾರಣ ವ್ಯಾಕ್ಯೂಮ್ ಹುಟ್ಟುವುದಿಲ್ಲ. ನಿಮ್ಮ ಬ್ರೇಕ್ ಬೂಸ್ಟರ್ ಓಡುವುದೇ ವ್ಯಾಕ್ಯೂಮ್ ಮೇಲೆ. ಬೇರೆ ಪಂಪ್ ಹಾಕಬೇಕು, ಇಲ್ಲವೇ ಸ್ಟೀರಿಂಗ್ ಪಂಪ್‌ನಿಂದ ನಡೆಯುವ ಹೈಡ್ರೊಬೂಸ್ಟ್. ಇದನ್ನು ಮರೆತು ಗಾಡಿ ಹೊರಗೆ ತೆಗೆದರೆ ಜೀವಕ್ಕೇ ಅಪಾಯ. ನಾಲ್ಕು ಸಿಲಿಂಡರಿನ ಇಷ್ಟು ದೊಡ್ಡ ಇಂಜಿನ್‌ಗೆ ಬ್ಯಾಲೆನ್ಸ್ ಶಾಫ್ಟ್ ಇಲ್ಲ, ನಡುಕ ಜೋರು. ಮೆತ್ತನೆಯ ಮೌಂಟ್ ಹಾಕದಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಿ ಬರುವಷ್ಟು. ತೂಕ 750 ಪೌಂಡ್ ಆಸುಪಾಸು, ಮುಂದೆ ಗಟ್ಟಿ ಟಾರ್ಶನ್ ಬಾರ್ (ಸ್ಪ್ರಿಂಗ್ ಕೆಲಸ ಮಾಡುವ ಸರಳು) ಬೇಕಾಗಬಹುದು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಿರಿ, ವಾಪಸ್ ಬರುವ ಡೀಸೆಲ್‌ಗೆ ರಿಟರ್ನ್ ಲೈನ್ ಇದೆಯೇ ನೋಡಿ, ನೀರು ಬೇರ್ಪಡಿಸುವ ಫಿಲ್ಟರ್ ತಪ್ಪದೇ ಹಾಕಿ.

ವ್ಯಾನ್ ಅಥವಾ ಇಂಜಿನ್ ಕೊಳ್ಳಲು ಹೋದಾಗ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಇಂಜಿನ್ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಹೊರಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಇಂಜೆಕ್ಷನ್ ಪಂಪ್ ಸುತ್ತ ಒದ್ದೆ ಇದ್ದರೆ ಸೀಲ್ ಹೋಗಿದೆ, ಈಗಿನ ಡೀಸೆಲ್‌ಗೆ ಹಳೇ ರಬ್ಬರ್ ಸೀಲ್‌ಗಳು ಕುಗ್ಗುವುದು ಮಾಮೂಲು. ಪಂಪ್ ಮತ್ತು ನಾಝಲ್ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಇನ್ನೊಂದು, ಈ ಕಮ್ಮಿನ್ಸ್ ಬಿ ಸರಣಿಯ ಇಂಜಿನ್‌ಗಳಲ್ಲಿ ಮುಂದಿನ ಗೇರ್ ಕೇಸ್ ಒಳಗೆ ಒಂದು ಸಣ್ಣ ಉಕ್ಕಿನ ಡೋವೆಲ್ ಪಿನ್ ಇರುತ್ತದೆ. ನಡುಕಕ್ಕೆ ಅದು ನಿಧಾನವಾಗಿ ಹೊರಬಂದು ಟೈಮಿಂಗ್ ಗೇರ್ ಮೇಲೆ ಬಿದ್ದರೆ ಇಂಜಿನ್ ಮುಗಿಯಿತು. ಅದನ್ನು ತಡೆಯಲು ಬೇಕಾದ್ದು ಒಂದು ಚಿಕ್ಕ ಲೋಹದ ಪಟ್ಟಿ, ಒಂದು ಬೋಲ್ಟ್. ಇಂಜಿನ್ ಗಾಡಿಯೊಳಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದು ಕಷ್ಟ. ಅದು ಇನ್ನೂ ಸ್ಟ್ಯಾಂಡ್ ಮೇಲಿರುವಾಗಲೇ ಮುಂದಿನ ಕವರ್ ತೆಗೆದು ಆ ಕೆಲಸ ಮುಗಿಸಿಬಿಡಿ.